ಕಾರಿನ ಎಂಜಿನ್ನಿಗೆ ತಂಪು ಗಾಳಿ: ಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಗಳು



ಕಾಫಿ, ಅಡಿಕೆಗಳ ಧಾರಣೆ, ಗೊಬ್ಬರ ಮತ್ತು ಮೈಲುತುತ್ತದ ದಾಸ್ತಾನು, ಸಾಲದ ಕಂತು ಇವುಗಳಿಗೇ ಮೀಸಲಾದ ಈ ಪತ್ರಿಕೆಯಲ್ಲಿ ಕಾರಿನ ಬಿಡಿಭಾಗವೊಂದನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈಗ ನಮ್ಮ ಸದಸ್ಯರಲ್ಲಿ ಬಹುಮಂದಿಯ ಮನೆಯಲ್ಲಿ ಕಾರೋ ಜೀಪೋ ಇದೆ. ಅದರ ಮೇಲೆ ಸಾಲವೂ ಇದೆ. ಓದಿದ ಮಕ್ಕಳು ಮೈಸೂರು, ಬೆಂಗಳೂರುಗಳಿಂದ ಬಂದಾಗ, ಕಂಪನಿಯವರು ಕೊಟ್ಟ ಏರ್ ಫಿಲ್ಟರಿನ ಡಬ್ಬಿಯನ್ನು ತೆಗೆದುಹಾಕಿ, ಹೊಳೆಯುವ ಪೈಪು ಮತ್ತು ಕುಂಬಿನಾಕಾರದ ಫಿಲ್ಟರ್ ಇರುವ 'ಕೋಲ್ಡ್ ಏರ್ ಇನ್‌ಟೇಕ್' ಎಂಬ ಸಲಕರಣೆಯನ್ನು ಹಾಕಿಸೋಣವೆಂದು ಹೇಳುತ್ತಾರೆ. ಇದರಿಂದ ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬುದು ಮಾರುವವರ ಪ್ರಚಾರ. ಇದು ನಿಜವೇ, ಎಷ್ಟರಮಟ್ಟಿಗೆ ನಿಜ ಎಂದು ಕಚೇರಿಗೆ ಬಂದ ಹಲವು ಸದಸ್ಯರು ಕೇಳಿದ್ದರಿಂದ, ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಾಗಿ ವಿವರಿಸಲಾಗಿದೆ.

ಮೊದಲೇ ಒಂದು ಮಾತು. ನಮ್ಮ ಬದನವಾಳಿನಂಥ ಊರಿನಲ್ಲಿ, ನಮ್ಮ ತೋಟದ ದಾರಿಗಳಲ್ಲಿ ಓಡುವ ಗಾಡಿಗೆ ಗಾಳಿ ಎಷ್ಟು ತಣ್ಣಗಿದೆ ಎನ್ನುವುದಕ್ಕಿಂತ ಎಷ್ಟು ಶುದ್ಧವಾಗಿದೆ, ಎಷ್ಟು ಒಣಗಿದೆ ಎನ್ನುವುದು ಮುಖ್ಯ. ಈ ಲೇಖನದ ಸಾರಾಂಶ ಇಷ್ಟೇ. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಎಂಜಿನ್ನು ಎಷ್ಟು ಗಾಳಿ ಕುಡಿಯುತ್ತದೆ?

ಒಲೆ ಉರಿಯಲು ಗಾಳಿ ಬೇಕಾದಂತೆ ಎಂಜಿನ್ನಿನಲ್ಲಿ ಪೆಟ್ರೋಲು ಉರಿಯುವುದಕ್ಕೂ ಗಾಳಿ ಬೇಕು. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕೆಂದು ಲೆಕ್ಕ. ಎಥನಾಲ್ ಬೆರೆತ ಪೆಟ್ರೋಲಿಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಇದನ್ನು ಲೀಟರಿಗೆ ಪರಿವರ್ತಿಸಿದರೆ, ನಮ್ಮ ಮೈಸೂರು ಸೀಮೆಯ ಎತ್ತರದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಹತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. 200 ಲೀಟರಿನ ಡ್ರಮ್ಮುಗಳಲ್ಲಿ ಅಳೆದರೆ ಹತ್ತಿರ ಹತ್ತಿರ ಐವತ್ತು ಡ್ರಮ್ಮು! ಬದನವಾಳಿನಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕೈದು ಲೀಟರ್ ಪೆಟ್ರೋಲು ಖರ್ಚಾಯಿತೆನ್ನಿ. ಎಂಜಿನ್ನು ಇನ್ನೂರಕ್ಕೂ ಹೆಚ್ಚು ಡ್ರಮ್ಮು ಗಾಳಿಯನ್ನು ಸೇದಿ ಹೊರಗೆ ಬಿಟ್ಟಿರುತ್ತದೆ. ಆ ಗಾಳಿಯಲ್ಲಿ ಏನೇನಿತ್ತೋ ಅದೆಲ್ಲವೂ ಏರ್ ಫಿಲ್ಟರಿನ ಬಾಗಿಲಿಗೆ ಬಂದು ನಿಂತಿರುತ್ತದೆ. ಆ ಬಾಗಿಲು ಸರಿಯಿಲ್ಲದಿದ್ದರೆ ನೇರವಾಗಿ ಪಿಸ್ಟನ್ನಿನ ಬಳಿಗೇ ಹೋಗಿರುತ್ತದೆ.

ತಂಪು ಗಾಳಿಯ ಗುಣ

ಗಾಳಿ ಕಾದರೆ ಹಿಗ್ಗುತ್ತದೆ. ತಣಿದರೆ ಕುಗ್ಗಿ ಸಾಂದ್ರವಾಗುತ್ತದೆ. ಆದ್ದರಿಂದ ಅದೇ ಸಿಲಿಂಡರಿನಲ್ಲಿ ತಣ್ಣನೆಯ ಗಾಳಿ ತೂಕದಲ್ಲಿ ಹೆಚ್ಚು ಹಿಡಿಸುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಗಾಳಿಯ ಸಾಂದ್ರತೆ ಸರಿಸುಮಾರು ಶೇಕಡ 3ರಷ್ಟು ಏರುತ್ತದೆ. ಬಿಸಿಲಿನಲ್ಲಿ ನಿಂತು ಎಂಜಿನ್ ಓಡುತ್ತಿರುವ ಕಾರಿನ ಬಾನೆಟ್ಟಿನ ಕೆಳಗೆ ಗಾಳಿ 65 ಡಿಗ್ರಿ ಇದ್ದು, ಹೊರಗೆ 35 ಡಿಗ್ರಿ ಇದ್ದರೆ, ಒಳಗಿನ ಗಾಳಿ ಹೊರಗಿನದಕ್ಕಿಂತ ಶೇಕಡ 9ರಷ್ಟು ತೆಳುವಾಗಿರುತ್ತದೆ. ಆದ್ದರಿಂದ ಎಂಜಿನ್ನಿಗೆ ಬಾನೆಟ್ಟಿನೊಳಗಿನ ಬಿಸಿ ಗಾಳಿಯ ಬದಲು ಹೊರಗಿನ ಗಾಳಿ ಕೊಡುವುದು ಒಳ್ಳೆಯದೆಂಬ ತತ್ತ್ವದಲ್ಲಿ ತಪ್ಪೇನೂ ಇಲ್ಲ.

ಎತ್ತರದ ಪ್ರಭಾವವನ್ನೂ ಇಲ್ಲೇ ಹೇಳಿಬಿಡಬಹುದು. ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡವು ಮಂಗಳೂರಿಗಿಂತ ಶೇಕಡ 13ರಷ್ಟು ಕಡಿಮೆ. ಘಟ್ಟ ಹತ್ತಿದ ಮೇಲೆ ಸಾಧಾರಣ ಪೆಟ್ರೋಲು ಕಾರು ಸೋತಂತೆ ಕಾಣುವುದು ಈ ಕಾರಣದಿಂದ. ಕಾಫಿ ತೋಟದ ಏರಿನಲ್ಲಿ ಕಳೆದುಹೋದ ಈ ಶಕ್ತಿಯನ್ನು ಯಾವ ಫಿಲ್ಟರೂ ಮರಳಿ ತಂದುಕೊಡಲಾರದು. ಅಲ್ಲಿ ಬೇಕಾದುದು ಗೇರನ್ನು ಇಳಿಸುವುದು, ಅಷ್ಟೆ.

ಲಾಭ ಸಿಗುವುದು ಯಾವಾಗ?

ಮಾರುವವರು ಹೇಳದೆ ಬಿಡುವ ಸಂಗತಿ ಇಲ್ಲಿದೆ. ಪೆಟ್ರೋಲು ಕಾರಿನಲ್ಲಿ ನಾವು ಆಕ್ಸಿಲರೇಟರ್ ಒತ್ತುವುದೆಂದರೆ ಥ್ರಾಟಲ್ ಎಂಬ ತಗಡಿನ ಬಾಗಿಲನ್ನು ತೆರೆಯುವುದು. ಸಾಧಾರಣ ಓಡಾಟದಲ್ಲಿ ಈ ಬಾಗಿಲು ಅರ್ಧಕ್ಕಿಂತಲೂ ಕಡಿಮೆ ತೆರೆದಿರುತ್ತದೆ. ನಮ್ಮ ಕಬಿನಿ ನಾಲೆಯ ಬಯಲಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೂಬಿನ ಹಲಗೆಯನ್ನು ಕಾಲುಭಾಗ ಮಾತ್ರ ಎತ್ತಿರುವಾಗ, ತೂಬಿನ ಹಿಂದಿನ ನಾಲೆಯನ್ನು ಎಷ್ಟೇ ಅಗಲ ಮಾಡಿದರೂ ಗದ್ದೆಗೆ ಹೆಚ್ಚು ನೀರು ಬಾರದು. ಹಾಗೆಯೇ ಥ್ರಾಟಲ್ ಅರೆತೆರೆದಿರುವಾಗ ಫಿಲ್ಟರಿನ ದಾರಿ ಎಷ್ಟೇ ಸಲೀಸಾಗಿದ್ದರೂ ಪ್ರಯೋಜನವಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ನನ್ನು ಮೇಲಿನ ವೇಗದಲ್ಲಿ ಓಡಿಸುವಾಗ ಮಾತ್ರ ವ್ಯತ್ಯಾಸ ಕಾಣಬಹುದು. ಆಗಲೂ ಟರ್ಬೋ ಇಲ್ಲದ ಸಣ್ಣ ಕಾರಿನಲ್ಲಿ ಅದು ಶೇಕಡ ಎರಡು ಮೂರರ ಮಾತು. 80 ಅಶ್ವಶಕ್ತಿಯ ಎಂಜಿನ್ನಿಗೆ ಎರಡು ಅಶ್ವಶಕ್ತಿ ಸೇರಿದರೆ ಅದೇ ದೊಡ್ಡದು.

ಮೈಲೇಜಿನ ಮಾತಿಗೂ ಉತ್ತರ ಇದರಲ್ಲೇ ಇದೆ. ಎಂಜಿನ್ನಿನೊಳಕ್ಕೆ ಹೋದ ಗಾಳಿಯ ತೂಕಕ್ಕೆ ತಕ್ಕಂತೆ ಕಂಪ್ಯೂಟರು ಪೆಟ್ರೋಲನ್ನು ಅಳೆದು ಬಿಡುತ್ತದೆ. ಗಾಳಿ ಸಾಂದ್ರವಾದರೆ ಪೆಟ್ರೋಲೂ ಹೆಚ್ಚು. ಆದ್ದರಿಂದ ತಂಪು ಗಾಳಿ ಪೆಟ್ರೋಲು ಉಳಿಸುತ್ತದೆಂಬ ಮಾತಿಗೆ ಆಧಾರವಿಲ್ಲ. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ಸರಿಯಾಗಿ ನೋಡಿಕೊಳ್ಳುವವನು ಇದಕ್ಕಿಂತ ಹೆಚ್ಚು ಉಳಿಸುತ್ತಾನೆ.

ಟರ್ಬೋ ಇರುವ ಡೀಸೆಲ್ ಗಾಡಿಗಳಲ್ಲಿ ಟರ್ಬೋ ಗಾಳಿಯನ್ನು ಒತ್ತುವಾಗಲೇ ಅದು ಬಿಸಿಯಾಗುತ್ತದೆ. ಅದನ್ನು ತಣಿಸಲೆಂದೇ ಇಂಟರ್‌ಕೂಲರ್ ಎಂಬ ಭಾಗವನ್ನು ಕಂಪನಿಯವರು ಇಟ್ಟಿರುತ್ತಾರೆ. ಅದರ ರೆಕ್ಕೆಗಳಲ್ಲಿ ಅಡಗಿದ ಕೆಸರು, ಹುಲ್ಲುಗಳನ್ನು ತೊಳೆದು ತೆಗೆಸಿದರೆ ಹೊಸ ಪೈಪಿನಿಂದ ಸಿಗುವ ತಂಪಿಗಿಂತ ಹೆಚ್ಚು ತಂಪು ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ಸದ್ದಿನ ವಿಷಯ. ಕಂಪನಿಯ ಡಬ್ಬಿಯಲ್ಲಿ ಗಾಳಿಯ ಗೊರಗೊರ ಸದ್ದನ್ನು ಅಡಗಿಸುವ ಒಂದು ಪೊಳ್ಳು ಕೋಣೆ ಇರುತ್ತದೆ. ಅದನ್ನು ತೆಗೆದರೆ ಎಂಜಿನ್ನು ಗರ್ಜಿಸುತ್ತದೆ. ಓಡಿಸುವವನಿಗೆ ಗಾಡಿ ಚುರುಕಾಯಿತೆಂದು ಭ್ರಮೆಯಾಗುತ್ತದೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಮೋಟಾರ್ ಸೈಕಲ್ಲುಗಳ ಕಾಲದಿಂದಲೂ ನಮ್ಮ ಜಿಲ್ಲೆಯ ಯುವಕರಿಗೆ ಸದ್ದಿನ ಮೋಹ ಇದ್ದದ್ದೇ. ತಪ್ಪೆನ್ನಲಾಗದು. ಆದರೆ ಸದ್ದು ಬೇರೆ, ಶಕ್ತಿ ಬೇರೆ. ತುಂಬಿದ ಕೊಡ ತುಳುಕುವುದಿಲ್ಲ.

ನಿಮ್ಮ ಕಾರಿನಲ್ಲಿ ಈಗ ಏನಿದೆ ನೋಡಿ

ಹೊಸದನ್ನು ಕೊಳ್ಳುವ ಮುನ್ನ ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿಯಿಂದ ಹೊರಡುವ ಪೈಪಿನ ಜಾಡು ಹಿಡಿದು ಅದರ ಬಾಯಿ ಎಲ್ಲಿದೆಯೆಂದು ನೋಡಬೇಕು. ಈಚಿನ ಬಹುಪಾಲು ಕಾರುಗಳಲ್ಲಿ ಅದು ರೇಡಿಯೇಟರಿನ ಮುಂದುಗಡೆ, ಹೆಡ್‌ಲೈಟಿನ ಹಿಂದೆ ಅಥವಾ ಮಡ್‌ಗಾರ್ಡಿನ ಒಳಗೆ, ಹೊರಗಿನ ಗಾಳಿ ಸಿಗುವಂತೆ ಇರುತ್ತದೆ. ಎಂದರೆ ಕಾರ್ಖಾನೆಯಿಂದ ಬರುವಾಗಲೇ ನಿಮ್ಮ ಕಾರಿನಲ್ಲಿ 'ಕೋಲ್ಡ್ ಏರ್ ಇನ್‌ಟೇಕ್' ಇದೆ! ಅದನ್ನು ಕಿತ್ತು, ಬಾನೆಟ್ಟಿನೊಳಗೆ ತೆರೆದಿರುವ ಕುಂಬಿನ ಫಿಲ್ಟರನ್ನು ಕೂರಿಸಿದರೆ, ಹೆಸರಿಗೆ ಕೋಲ್ಡ್ ಏರ್ ಆದರೂ ಎಂಜಿನ್ನು ಸೇದುವುದು ರೇಡಿಯೇಟರಿನ ಬಿಸಿ ಗಾಳಿಯನ್ನೇ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಪರೀಕ್ಷಿಸಬೇಕೆನ್ನುವವರಿಗೆ ಸುಲಭ ಉಪಾಯವಿದೆ. ಈಚಿನ ಕಾರುಗಳ ಡ್ಯಾಷ್‌ಬೋರ್ಡಿನ ಕೆಳಗೆ ಮೆಕ್ಯಾನಿಕ್ಕುಗಳು ಸ್ಕ್ಯಾನರ್ ಸಿಕ್ಕಿಸುವ ಜಾಗವಿರುತ್ತದೆ. ಅದಕ್ಕೆ ಸಣ್ಣ ಉಪಕರಣವೊಂದನ್ನು ಸಿಕ್ಕಿಸಿದರೆ ಎಂಜಿನ್ನಿನ ಒಳಕ್ಕೆ ಹೋಗುತ್ತಿರುವ ಗಾಳಿಯ ಉಷ್ಣತೆಯನ್ನು ಮೊಬೈಲಿನಲ್ಲೇ ನೋಡಬಹುದು. ನಂಜನಗೂಡು–ಚಾಮರಾಜನಗರ ರಸ್ತೆಯಲ್ಲಿ ಹತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಅಂಕಿಯನ್ನು ಬರೆದುಕೊಳ್ಳಿ. ಹೊರಗಿನ ಉಷ್ಣತೆಯನ್ನೂ ಬರೆದುಕೊಳ್ಳಿ. ಎರಡರ ಅಂತರ ಹತ್ತು ಡಿಗ್ರಿಯ ಒಳಗಿದ್ದರೆ ನಿಮ್ಮ ಕಾರಿಗೆ ಈಗಾಗಲೇ ತಂಪು ಗಾಳಿ ಸಿಗುತ್ತಿದೆ. ಮತ್ತಷ್ಟು ತಣಿಸಲು ಹಣ ಸುರಿಯಬೇಕಾಗಿಲ್ಲ.

ಧೂಳು ಎಂಬ ಶತ್ರು

ಚಳಿಗಾಲ ಕಳೆದು ಯುಗಾದಿಯ ಹೊತ್ತಿಗೆ ನಮ್ಮ ಕಡೆಯ ನಾಲೆ ಏರಿಗಳು, ಬಂಡಿದಾರಿಗಳು ಹೇಗಿರುತ್ತವೆಂಬುದು ಎಲ್ಲರಿಗೂ ಗೊತ್ತು. ಕಬ್ಬಿನ ಟ್ರಾಕ್ಟರೊಂದು ಮುಂದೆ ಹೋದರೆ ಹಿಂದಿನ ಗಾಡಿಗೆ ಹತ್ತು ನಿಮಿಷ ದಾರಿ ಕಾಣದು. ಈ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳಿಗಿಂತ ಕಾಣದ ನಯವಾದ ಕಣಗಳೇ ಎಂಜಿನ್ನಿಗೆ ಹೆಚ್ಚು ಅಪಾಯಕಾರಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಹತ್ತಿಪ್ಪತ್ತು ಮೈಕ್ರಾನಿನ ಕಣಗಳು ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಗೋಡೆಗಳ ನಡುವೆ ಎಣ್ಣೆಯೊಡನೆ ಸೇರಿಕೊಂಡು ಉಜ್ಜುಕಾಗದದಂತೆ ತೇಯುತ್ತವೆ. ಮಣ್ಣಿನಲ್ಲಿರುವ ಬೆಣಚಿನ ಪುಡಿ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ತೇಯ್ದ ಎಂಜಿನ್ನು ಆಯಿಲ್ ಕುಡಿಯತೊಡಗುತ್ತದೆ, ಹೊಗೆ ಕಾರುತ್ತದೆ, ಏರಿನಲ್ಲಿ ಏದುತ್ತದೆ. ಕಡೆಗೆ ಬೋರ್ ಮಾಡಿಸಬೇಕಾಗುತ್ತದೆ.

ಫಿಲ್ಟರಿನ ಬಗೆಗಳನ್ನು ತಿಳಿಯುವುದು ಇಲ್ಲಿ ಅಗತ್ಯ.

ಎಣ್ಣೆ ತಟ್ಟೆಯ ಏರ್ ಕ್ಲೀನರ್: ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಇದ್ದದ್ದು, ಇಂದಿಗೂ ಹಲವು ಟ್ರಾಕ್ಟರುಗಳಲ್ಲಿ ಇರುವುದು ಇದೇ. ಗಾಳಿ ತಟ್ಟೆಯ ಎಣ್ಣೆಯ ಮೇಲೆ ಹಾದು ತಿರುಗುವಾಗ ಧೂಳು ಎಣ್ಣೆಗೆ ಅಂಟುತ್ತದೆ. ತೊಳೆದು ಎಣ್ಣೆ ಬದಲಿಸಿದರೆ ಮತ್ತೆ ಹೊಸದರಂತೆ.

ಮಡಿಕೆ ಮಡಿಕೆಯ ಕಾಗದದ ಫಿಲ್ಟರ್: ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿರುವುದು. ನಯವಾದ ಧೂಳನ್ನು ತಡೆಯುವುದರಲ್ಲಿ ಇದು ಬಹಳ ಸಮರ್ಥ. ಬೆಲೆ ಕೆಲವು ನೂರು ರೂಪಾಯಿ. ತೊಳೆಯಲು ಬಾರದು, ಬದಲಿಸಬೇಕು.

ಎಣ್ಣೆ ಸವರಿದ ಹತ್ತಿಯ ಫಿಲ್ಟರ್: ತಂತಿ ಬಲೆಯ ನಡುವೆ ಹತ್ತಿಯ ಬಟ್ಟೆಯ ಪದರಗಳು. ಗಾಳಿ ಸಲೀಸಾಗಿ ಹೋಗುತ್ತದೆ, ತೊಳೆದು ಎಣ್ಣೆ ಹಾಕಿ ಮತ್ತೆ ಬಳಸಬಹುದು. ಖಾದಿ ಕೇಂದ್ರದಿಂದ ಹೆಸರಾದ ನಮ್ಮ ಬದನವಾಳಿನವರಿಗೆ ಬಟ್ಟೆಯ ನೇಯ್ಗೆಯ ಬಗ್ಗೆ ಹೇಳಬೇಕೇ? ಎಳೆ ವಿರಳವಾದಷ್ಟೂ ಗಾಳಿ ಆಡುತ್ತದೆ, ಜೊತೆಗೆ ಧೂಳೂ ನುಸುಳುತ್ತದೆ. ಇಲ್ಲಿ ಧೂಳನ್ನು ಹಿಡಿಯುವ ಕೆಲಸ ಬಹುಪಾಲು ಎಣ್ಣೆಯದು. ಎಣ್ಣೆ ಒಣಗಿದರೆ ಅದು ಬರೀ ಜಾಲರಿ.

ಸ್ಪಂಜಿನ ಫಿಲ್ಟರ್: ಇದನ್ನೂ ಎಣ್ಣೆಯಲ್ಲಿ ಅದ್ದಿ ಹಿಂಡಿ ಬಳಸಬೇಕು. ಧೂಳು ಹೆಚ್ಚು ಹಿಡಿಸುತ್ತದೆ. ಆದರೆ ಕಾಲಾನಂತರದಲ್ಲಿ ಪುಡಿಪುಡಿಯಾಗುತ್ತದೆ.

ಕಾಫಿ ಬೆಳೆಗಾರರಾದ ನಾವು ಒಂದು ಸಂಗತಿಯನ್ನು ಬೇಗ ಗ್ರಹಿಸಬಲ್ಲೆವು. ಡಿಕಾಕ್ಷನ್ ಸೋರುವುದು ನಿಧಾನವಾದಷ್ಟೂ ಸಾರ ಚೆನ್ನಾಗಿ ಇಳಿಯುತ್ತದೆ. ಭರ್ರನೆ ಸೋರುವ ಫಿಲ್ಟರಿನ ಡಿಕಾಕ್ಷನ್ನು ನೀರುನೀರು, ತಳದಲ್ಲಿ ಚರಟ. ಏರ್ ಫಿಲ್ಟರಿನದೂ ಅದೇ ಕಥೆ. ಅದೇ ಅಳತೆಯ ಫಿಲ್ಟರಿನಲ್ಲಿ ಗಾಳಿಯನ್ನು ಹೆಚ್ಚು ಸಲೀಸಾಗಿ ಬಿಡುವುದಕ್ಕೂ ಧೂಳನ್ನು ಹೆಚ್ಚು ಹಿಡಿಯುವುದಕ್ಕೂ ಸ್ನೇಹವಿಲ್ಲ. ಮೇಲೆ ತೆಳುವಾಗಿ ಧೂಳು ಕೂತ ಕಾಗದದ ಫಿಲ್ಟರು ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ಆದುದರಿಂದ ವಾರಕ್ಕೊಮ್ಮೆ ಅದನ್ನು ತೆಗೆದು ನೆಲಕ್ಕೆ ಬಡಿಯುವುದು, ಜೋರು ಗಾಳಿಯಿಂದ ಊದಿಸುವುದು ಒಳ್ಳೆಯದಲ್ಲ. ಕಾಗದ ಹರಿದು ಕಣ್ಣಿಗೆ ಕಾಣದ ತೂತಾಗುತ್ತದೆ. ವಾಹನದ ಕೈಪಿಡಿಯಲ್ಲಿ ಧೂಳಿನ ರಸ್ತೆಗೆಂದು ಪ್ರತ್ಯೇಕ ಅವಧಿ ಹೇಳಿರುತ್ತಾರೆ. ನಮ್ಮದು ಆ ವರ್ಗವೆಂದೇ ತಿಳಿದು ಬದಲಿಸಬೇಕು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡಿದ ಹುಡುಗರು ಆ ಕಾರುಗಳ ಉದಾಹರಣೆ ಕೊಡುತ್ತಾರೆ. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದ ನಮ್ಮ ದೇಶದ ಗೌರವ್ ಗಿಲ್ ಅಂಥವರು ಓಡಿಸಿದ ದಾರಿಗಳು ಅವು. ಆದರೆ ರ‍್ಯಾಲಿ ಕಾರಿಗೆ ಮೆಕ್ಯಾನಿಕ್ಕುಗಳ ತಂಡವೇ ಇರುತ್ತದೆ. ಫಿಲ್ಟರನ್ನು ಮತ್ತೆ ಮತ್ತೆ ಬದಲಿಸುತ್ತಾರೆ, ಎಂಜಿನ್ನನ್ನು ಬಿಚ್ಚಿ ನೋಡುತ್ತಾರೆ. ನಮ್ಮ ಮನೆಯ ಕಾರು ಮಗಳ ಮದುವೆಯವರೆಗೂ, ಆಮೇಲೂ ಓಡಬೇಕು.

ನೀರಿನ ಅಪಾಯ

ಧೂಳು ಎಂಜಿನ್ನನ್ನು ವರ್ಷಗಟ್ಟಲೆ ತೇಯ್ದು ಕೊಂದರೆ ನೀರು ಒಂದೇ ಕ್ಷಣದಲ್ಲಿ ಕೊಲ್ಲುತ್ತದೆ. ಕೆಲವು ಸಲಕರಣೆಗಳಲ್ಲಿ ತಂಪು ಗಾಳಿಗೆಂದು ಫಿಲ್ಟರನ್ನು ಬಂಪರಿನ ಹಿಂದೆ, ಚಕ್ರದ ಮಗ್ಗುಲಲ್ಲಿ, ನೆಲದಿಂದ ಒಂದು ಒಂದೂವರೆ ಅಡಿ ಎತ್ತರಕ್ಕೆ ಇಳಿಸಿರುತ್ತಾರೆ. ಹಳ್ಳದ ನೀರು ಅಲ್ಲಿಗೆ ಮುಟ್ಟಿದರೆ ಎಂಜಿನ್ನು ಗಾಳಿಯ ಬದಲು ನೀರನ್ನು ಸೇದುತ್ತದೆ.

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. 1,200 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 300 ಸಿ.ಸಿ. ಪಾಲು. ಪಿಸ್ಟನ್ನು ಮೇಲಕ್ಕೆ ಬಂದು ನಿಂತಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 33 ಸಿ.ಸಿ. ಮಾತ್ರ. ಅಂದರೆ ಎರಡು ಮೂರು ದೊಡ್ಡ ಚಮಚೆಯಷ್ಟು! ಅದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ ಮೇಲೇರುವ ಪಿಸ್ಟನ್ನು ಅರ್ಧದಲ್ಲೇ ತಡೆದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ ಅಥವಾ ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ.

ಇದು ನಮಗೆ ದೂರದ ಮಾತಲ್ಲ. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ಹೆದ್ದಾರಿಯ ಮೇಲೆಯೇ ಕಪಿಲೆ ಹರಿದು ಸಂಚಾರ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ತೋಟದೊಳಗಿನ ಹಳ್ಳಗಳಂತೂ ಒಂದು ಮಳೆಗೇ ತುಂಬುತ್ತವೆ. ನಮ್ಮ ಸದಸ್ಯರೊಬ್ಬರ ಮನೆಯ ಕಾರು, ಹೀಗೆ ಕೆಳಗಿಳಿಸಿದ ಫಿಲ್ಟರಿನೊಂದಿಗೆ, ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ನಿಂತುಹೋಯಿತು. ನಿಂತ ಗಾಡಿಯನ್ನು ಗಾಬರಿಯಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆಗಬೇಕಾದದ್ದು ಆಯಿತು. ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಭಾಗ ಗ್ಯಾರೇಜಿಗೆ ಹೋಯಿತು. ಅವರ ಪಾಲಿಸಿಯಲ್ಲಿ ಎಂಜಿನ್ನಿಗೆ ಪ್ರತ್ಯೇಕ ರಕ್ಷಣೆ ಇರಲಿಲ್ಲವಾದ್ದರಿಂದ ವಿಮೆಯ ಹಣವೂ ಬರಲಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಎಂದಿಗೂ ಸ್ಟಾರ್ಟ್ ಮಾಡಬಾರದು, ತಳ್ಳಿ ದಡಕ್ಕೆ ತಂದು ಮೆಕ್ಯಾನಿಕ್ಕನ್ನು ಕರೆಸಬೇಕೆಂಬುದನ್ನು ಮನೆಯ ಎಲ್ಲರಿಗೂ ಹೇಳಿಡಬೇಕಾಗಿ ಕೋರಿಕೆ.

ಬಾವಿಗೆ ಪಂಪು ಇಳಿಸುವಾಗ ಫುಟ್‌ವಾಲ್ವನ್ನು ತಳದ ಕೆಸರಿನಲ್ಲಿ ಯಾರೂ ಹೂಳುವುದಿಲ್ಲ. ಗಾಳಿಯ ಬಾಯಿಗೂ ಆ ನಿಯಮವೇ. ಟ್ರಾಕ್ಟರಿನ ಗಾಳಿ ಬಾಯಿಯನ್ನು ಬಾನೆಟ್ಟಿನ ಮೇಲೆ ಎತ್ತಿ ನಿಲ್ಲಿಸಿ, ಅದರ ತುದಿಗೆ ಧೂಳನ್ನು ಸುತ್ತಿಸಿ ಬೇರ್ಪಡಿಸುವ ಬುರುಡೆಯನ್ನು ಇಟ್ಟಿರುವುದನ್ನು ನಾವು ದಿನವೂ ನೋಡುತ್ತೇವೆ. ಹೊಲದಲ್ಲಿ ದುಡಿಯುವ ಎಂಜಿನ್ನಿಗೆ ಗಾಳಿ ಎಲ್ಲಿಂದ ಬರಬೇಕೆಂಬುದನ್ನು ತಿಳಿದವರು ಮಾಡಿದ ಏರ್ಪಾಟು ಅದು.

ಗಾಳಿ ಅಳೆಯುವ ತಂತಿ

ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಡೀಸೆಲ್ ಗಾಡಿಗಳಲ್ಲಿ, ಫಿಲ್ಟರಿನ ಹಿಂದಿನ ಪೈಪಿನಲ್ಲಿ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಬಿಸಿ ಮಾಡಿದ ನವಿರಾದ ತಂತಿಯೋ ಪದರವೋ ಅದರಲ್ಲಿದ್ದು, ಗಾಳಿ ಅದನ್ನು ಎಷ್ಟು ತಣಿಸುತ್ತದೆಂಬುದರ ಮೇಲೆ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಈ ಲೆಕ್ಕ ಆ ಪೈಪಿನ ಅಗಲಕ್ಕೆ ಮಾತ್ರ ಸರಿ. ನಾಲೆಯಲ್ಲಿ ನೀರಿನ ವೇಗ ನೋಡಿ ಪ್ರಮಾಣ ಹೇಳುವವನಿಗೆ ನಾಲೆಯ ಅಗಲ ಬದಲಾದದ್ದನ್ನು ತಿಳಿಸದಿದ್ದರೆ ಹೇಗೋ ಹಾಗೆ, ಅಗಲವಾದ ಪೈಪು ಹಾಕಿದರೆ ಗಾಳಿ ನಿಧಾನವಾಗಿ ಹರಿದು, ಕಂಪ್ಯೂಟರು ಇರುವುದಕ್ಕಿಂತ ಕಡಿಮೆ ಎಂದು ತಿಳಿಯುತ್ತದೆ. ಇಂಧನದ ಪ್ರಮಾಣ ತಪ್ಪುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ. ಹತ್ತಿಯ ಫಿಲ್ಟರಿಗೆ ಎಣ್ಣೆ ಅತಿಯಾಗಿ ಸುರಿದರೆ ಅದು ಹಾರಿ ಹೋಗಿ ಈ ಸೆನ್ಸರಿನ ಮೇಲೆ ಕೂತು ಇದೇ ತೊಂದರೆ ಕೊಡುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ಮಟ್ಟದ ಗಾಡಿಗಳಲ್ಲಿ ಹೊಗೆ ಶುದ್ಧಿಯ ಏರ್ಪಾಟುಗಳು ಬಹಳ ಸೂಕ್ಷ್ಮವಾಗಿರುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಕಾನೂನು, ವಾರಂಟಿ, ವಿಮೆ

1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿದೆ. ಅದೇ ಡಬ್ಬಿಯೊಳಗೆ ಅದೇ ಅಳತೆಯ ಬೇರೆ ಫಿಲ್ಟರ್ ಕೂರಿಸುವುದು ಒಂದು ಬಗೆ. ಇಡೀ ಗಾಳಿ ಮಾರ್ಗವನ್ನೇ ಬದಲಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಮಾಡುವವರು ಮುಂಚಿತವಾಗಿ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು ಕ್ಷೇಮ. ವಾರಂಟಿ ಮುಗಿಯದ ಕಾರಾದರೆ, ಎಂಜಿನ್ನಿಗೆ ಏನಾದರೂ ಆದಾಗ ಈ ಮಾರ್ಪಾಟನ್ನೇ ಮುಂದಿಟ್ಟು ಪರಿಹಾರವನ್ನು ನಿರಾಕರಿಸುವ ಸಂಭವವಿದೆ.

ಕೊಳ್ಳಲೇಬೇಕೆಂದಿರುವವರಿಗೆ

ಇಷ್ಟನ್ನೂ ತಿಳಿದ ಮೇಲೆ, ಆಸಕ್ತಿಯಿಂದ ಕೊಳ್ಳುವವರನ್ನು ತಡೆಯುವುದು ಈ ಲೇಖನದ ಉದ್ದೇಶವಲ್ಲ. ಅಂಗಡಿಯಲ್ಲಿ ಈ ಕೆಳಗಿನ ಅಂಶಗಳನ್ನು ನೋಡಿ ಕೊಳ್ಳಬೇಕು.

1. ಸಲಕರಣೆ ನಿಮ್ಮ ಕಾರಿನ ಅದೇ ಮಾದರಿ, ಅದೇ ಎಂಜಿನ್, ಅದೇ ವರ್ಷಕ್ಕೆಂದು ತಯಾರಾದದ್ದಾಗಿರಬೇಕು. 'ಎಲ್ಲ ಕಾರಿಗೂ ಆಗುತ್ತೆ' ಎನ್ನುವುದು ಯಾವ ಕಾರಿಗೂ ಸರಿಯಾಗಿ ಆಗುವುದಿಲ್ಲ.

2. ಫಿಲ್ಟರಿನ ಸುತ್ತ ಮುಚ್ಚಿದ ಡಬ್ಬಿ ಇರಬೇಕು. ಅದರ ಬಾಯಿ ಹೊರಗಿನ ಗಾಳಿಗೆ ತೆರೆದಿರಬೇಕು. ಬಾನೆಟ್ಟಿನೊಳಗೆ ತೆರೆದಿಟ್ಟ ಕುಂಬಿನ ಫಿಲ್ಟರ್ ಬೇಡ.

3. ಬಾಯಿ ಕಂಪನಿಯ ಮೂಲ ಬಾಯಿಗಿಂತ ಒಂದಂಗುಲವೂ ಕೆಳಗೆ ಇರಬಾರದು.

4. ಫಿಲ್ಟರಿನ ಪರೀಕ್ಷೆ ಐ.ಎಸ್.ಒ. 5011 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆಗಿದೆಯೇ, ಧೂಳು ತಡೆಯುವ ಪ್ರಮಾಣ ಶೇಕಡ ಎಷ್ಟೆಂದು ಕೇಳಬೇಕು. ಗಾಳಿ ಎಷ್ಟು ಹರಿಯುತ್ತದೆಂದು ಮಾತ್ರ ಹೇಳಿ ಧೂಳಿನ ಬಗ್ಗೆ ಸುಮ್ಮನಿರುವ ಮಾಲನ್ನು ಅಲ್ಲೇ ಬಿಟ್ಟು ಬರಬೇಕು. ಶೇಕಡ 99 ಮತ್ತು 97ರ ನಡುವೆ ಅಂತರ ಸಣ್ಣದಾಗಿ ಕಾಣುತ್ತದೆ. ಆದರೆ ಒಳಕ್ಕೆ ಹೋಗುವ ಧೂಳು ಮೂರು ಪಟ್ಟು!

5. ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದು ಕೂರುವ ಜಾಗದ ಒಳ ಅಳತೆ ಮೂಲದಷ್ಟೇ ಇರಬೇಕು.

6. ಪೈಪು ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ಲೋಹದ ಪೈಪು ಅಂದವಾಗಿದ್ದರೂ ಬೇಗ ಕಾಯುತ್ತದೆ. ಎಂಜಿನ್ನು ಅಲುಗಾಡುವುದರಿಂದ ನಡುವೆ ರಬ್ಬರಿನ ಜೋಡಣೆ ಇರಬೇಕು. ಪೈಪು ಬ್ಯಾಟರಿಯ ತುದಿಗಾಗಲಿ ಸೈಲೆನ್ಸರಿನ ಬಿಸಿ ಭಾಗಕ್ಕಾಗಲಿ ತಗಲಬಾರದು.

7. ಎಣ್ಣೆಯ ಆವಿ ಹೋಗುವ ಸಣ್ಣ ಹೋಸ್ ಪೈಪಿಗೆ ಜಾಗವಿದೆಯೇ ನೋಡಬೇಕು. ಅದನ್ನು ಹಾಗೆಯೇ ಬಿಟ್ಟರೆ ಧೂಳಿಗೆ ಕಳ್ಳದಾರಿಯಾಗುತ್ತದೆ.

8. ಬದಲಿ ಫಿಲ್ಟರು, ತೊಳೆಯುವ ದ್ರವ, ಎಣ್ಣೆ ಇವು ಮೈಸೂರಿನಲ್ಲಿ ಸಿಗುತ್ತವೆಯೇ ವಿಚಾರಿಸಬೇಕು.

9. ತೆಗೆದ ಹಳೆಯ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದು ಅಟ್ಟದ ಮೇಲೆ ಜೋಪಾನವಾಗಿಡಬೇಕು. ಕಾರು ಮಾರುವಾಗ ಬೇಕಾಗುತ್ತದೆ.

ಹಾಕಿಸಿದ ಮೇಲೆ ಒಂದು ಪರೀಕ್ಷೆ. ಐನೂರು ಕಿಲೋಮೀಟರ್ ಓಡಿದ ನಂತರ ಫಿಲ್ಟರಿನ ಹಿಂದಿನ ಪೈಪನ್ನು ಬಿಚ್ಚಿ ಒಳಗೋಡೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆ ಕೆಂಪಾದರೆ ಧೂಳು ಒಳಕ್ಕೆ ಹೋಗುತ್ತಿದೆಯೆಂದೇ ಅರ್ಥ. ಅಂದೇ ಹಳೆಯ ಡಬ್ಬಿಯನ್ನು ಅಟ್ಟದಿಂದ ಇಳಿಸಬೇಕು. ಈ ಪರೀಕ್ಷೆಯನ್ನು ಕಂಪನಿಯ ಡಬ್ಬಿ ಇರುವವರೂ ಮಾಡಬಹುದು. ಡಬ್ಬಿಯ ಒಂದು ಕ್ಲಿಪ್ ಮುರಿದಿದ್ದರೂ ಸಾಕು, ಎಷ್ಟೇ ಒಳ್ಳೆಯ ಫಿಲ್ಟರಿದ್ದರೂ ವ್ಯರ್ಥ. ತೋಟದ ಮನೆಯಲ್ಲಿ ನಿಲ್ಲುವ ಕಾರಿನ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿ ಫಿಲ್ಟರನ್ನು ಕಡಿದಿರುವುದೂ ಅಪರೂಪವಲ್ಲ.

ಯಾರಿಗೆ ಯಾವುದು?

ತೋಟದ ಜೀಪು, ಪಿಕಪ್ ಗಾಡಿಗಳಿಗೆ ಕಂಪನಿಯ ಡಬ್ಬಿ, ಕಂಪನಿಯ ಕಾಗದದ ಫಿಲ್ಟರು, ಕ್ಲಿಪ್ಪು ಮತ್ತು ರಬ್ಬರು ಭದ್ರ: ಇದಕ್ಕಿಂತ ಒಳ್ಳೆಯದು ಬೇರೆಯಿಲ್ಲ. ಮನೆಮಂದಿ ಓಡಾಡುವ ಸಣ್ಣ ಕಾರಿಗೂ ಅದೇ. ಟಾರು ರಸ್ತೆಯಲ್ಲೇ ಹೆಚ್ಚು ಓಡಿಸುವ, ಸ್ವಲ್ಪ ಚುರುಕು ಬೇಕೆನ್ನುವ ಯುವಕರು ಮೂಲ ಡಬ್ಬಿಯೊಳಗೇ ಕೂರುವ, ಪರೀಕ್ಷೆಯಾದ ಫಿಲ್ಟರನ್ನು ಹಾಕಿಕೊಳ್ಳಬಹುದು. ಅದಕ್ಕೆ ತಗಲುವುದು ಕೆಲವೇ ಸಾವಿರ. ಪೂರ್ತಿ ಸಲಕರಣೆ ಹತ್ತಾರು ಸಾವಿರದ ಬಾಬತ್ತು. ಅದು ಹವ್ಯಾಸದ ಖರ್ಚು, ಉಳಿತಾಯವಲ್ಲವೆಂದು ತಿಳಿದೇ ಮಾಡಬೇಕು. ಸ್ಪರ್ಧೆಗಳಿಗೆ ಇಳಿಯುವವರು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ನಿಯಮಗಳನ್ನು ಓದಿ, ಸ್ಪರ್ಧೆಗೇ ಬೇರೆ ಗಾಡಿ ಇಟ್ಟುಕೊಳ್ಳುವುದು ಲೇಸು.

ಮಕ್ಕಳು ಕೇಳಿದಾಗ ಸುಮ್ಮನೆ ಗದರುವ ಬದಲು ಅವರೊಡನೆ ಬಾನೆಟ್ ಎತ್ತಿ, ಗಾಳಿಯ ಬಾಯಿ ಎಲ್ಲಿದೆ ತೋರಿಸು ಎಂದು ಕೇಳಿ ನೋಡಿ. ಓದಿದ ಹುಡುಗರು, ಕಾರಣ ತಿಳಿದರೆ ಒಪ್ಪುತ್ತಾರೆ. ಮುಂಗಾರು ಆರಂಭವಾಗುವುದರೊಳಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಗಾಡಿಯ ಏರ್ ಫಿಲ್ಟರಿನ ಡಬ್ಬಿಯನ್ನು ತೆರೆಸಿ ನೋಡಿಸುವುದು, ವಿಮೆಯ ಪಾಲಿಸಿಯಲ್ಲಿ ಎಂಜಿನ್ ರಕ್ಷಣೆಯ ಭಾಗ ಇದೆಯೇ ಎಂದು ಓದಿಕೊಳ್ಳುವುದು, ಈ ಎರಡು ಕೆಲಸಗಳನ್ನು ತಪ್ಪದೆ ಮಾಡಬೇಕಾಗಿ ವಿನಂತಿ.

— ಕಾರ್ಯದರ್ಶಿ